ನೂರಾ ಹದಿನೇಳನೆಯ ಪೆಟ್ಟಿಗೆ

ಕೆಟ್ಟು ನಿಂತ ಯಂತ್ರದ ಮುಂದೆ ನಾಲ್ಕು ಜನ ಗಂಡಸರು ಗಲ್ಲಕ್ಕೆ ಕೈಹಚ್ಚಿ ನಿಂತದ್ದನ್ನು ಕಂಡರೆ ಪ್ರಮಿಲಾಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದು ಒಳ್ಳೆಯ ಗುಣವಲ್ಲ ಎಂದು ಅವಳ ಅತ್ತೆ ಮಥುರಾಬಾಯಿ ಹೇಳಿ ಹೇಳಿ ಸೋತಿದ್ದರು. ಆದರೆ ಏನು ಮಾಡುವುದು? ಗುಲ್ಬರ್ಗದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಎಸ್‌ಟಿಡಿ ಬೂತುಗಳ ಮೀಟರು ರಿಪೇರಿ ಮಾಡುತ್ತ ಹತ್ತು ವರ್ಷ ಕೆಂಪು ಬಸ್ಸಿನಲ್ಲಿ ತಿರುಗಿದವಳು. ಅವಳು ಕೈಯಿಟ್ಟ ಮೀಟರು ಓಡದೆ ಉಳಿದದ್ದಿಲ್ಲ. ಇಷ್ಟಾದ ಮೇಲೆ ಯಾರಿಗಾದರೂ ಒಂದಿಷ್ಟು ಜಂಬ ಬರುತ್ತದೆ. ಅವಳಿಗೆ ತುಸು ಹೆಚ್ಚೇ ಬಂದಿತ್ತು, ನಾವ್ಯಾಕೆ ಮುಚ್ಚಿಡಬೇಕು.

ಸಾವಿರದ ಒಂಬೈನೂರ ತೊಂಬತ್ತಾರರ ಮೇ ತಿಂಗಳ ಒಂದು ಗುರುವಾರ, ಮುಂಜಾನೆ ಹತ್ತೂವರೆಗೆ ಅವಳು ಆಳಂದದ ಬಸ್ ನಿಲ್ದಾಣದಲ್ಲಿ ಇಳಿದಾಗ, ಹಿಂದೆ ಬರುತ್ತಿದ್ದ ಹಮಾಲನ ತಲೆಯ ಮೇಲೆ ಕೌದಿಯಲ್ಲಿ ಸುತ್ತಿದ ಒಂದು ಟರ್ಮಿನಲ್ ಇತ್ತು. ನೋಡಲಿಕ್ಕೆ ಸಣ್ಣ ಟಿವಿ, ಮುಂದೊಂದು ಕೀಬೋರ್ಡು. ಅದು ತಾನಾಗಿ ಏನನ್ನೂ ಮಾಡಲಾರದು. ಇನ್ನೊಂದು ಯಂತ್ರಕ್ಕೆ ತಂತಿಯಿಂದ ಜೋಡಿಸಿದರೆ ಆ ಯಂತ್ರದ ಹೊಟ್ಟೆಯಲ್ಲಿರುವುದನ್ನು ಅಕ್ಷರದಲ್ಲಿ ತೋರಿಸುತ್ತದೆ, ನಾವು ಒತ್ತಿದ್ದನ್ನು ಅದಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಆದರೆ ಟಿವಿಯಂತೆ ಕಂಡದ್ದೇ ಅದರ ಕರ್ಮವಾಗಿತ್ತು. ಮೂರು ತಿಂಗಳ ಹಿಂದೆ ಸಂಘದ ಕಾರ್ಯದರ್ಶಿ ದೌಲತರಾಯರ ಭಾವಮೈದುನ ವಿಶ್ವಕಪ್ ಕ್ರಿಕೆಟ್ ನೋಡಲೆಂದು ಅದನ್ನು ಪೆಟ್ಟಿಗೆಸಮೇತ ಜೇವರ್ಗಿಗೆ ಎತ್ತಿಕೊಂಡು ಹೋಗಿದ್ದ. ಆಂಟೆನಾ ಹಚ್ಚಿ ನೋಡಿದ, ಮಾಳಿಗೆ ಏರಿ ಆಂಟೆನಾ ತಿರುಗಿಸಿ ನೋಡಿದ, ಒಂದು ರನ್ನೂ ಕಾಣಲಿಲ್ಲ. ಕೊನೆಗೆ ಅದರ ಮೇಲೆ ಶೇಂಗಾದ ಡಬ್ಬಿ ಇಟ್ಟು ಸುಮ್ಮನಾದ. ಬುಧವಾರ ಸಂಜೆ ಪ್ರಮಿಲಾ ಜೇವರ್ಗಿಗೆ ಹೋಗಿ, ಡಬ್ಬಿ ಇಳಿಸಿ, ಅದನ್ನು ಬಿಡಿಸಿಕೊಂಡು ಬಂದಿದ್ದಳು.

ಸಂಘ ಎಂದರೆ ಕಟ್ಟಡ ಕೆಲಸಗಾರರ ಸಹಕಾರ ಸಂಘ. ಸುತ್ತಲಿನ ಹಳ್ಳಿಗಳಿಂದ ಮುಂಬೈಗೆ ದುಡಿಯಲು ಹೋದ ಎಂಬತ್ನಾಲ್ಕು ಜನ ಅದರ ಸದಸ್ಯರು. ದೌಲತರಾಯರು ಅವರಿಗಾಗಿ, ಮುಚ್ಚಿಹೋದ ಕಂಪನಿಯೊಂದರ ಹಳೆಯ ವಾಯ್ಸ್‌ಮೇಲ್ ಯಂತ್ರವನ್ನು ಪುಣೆಯ ಒಬ್ಬ ದಲ್ಲಾಳಿಯಿಂದ ತರಿಸಿದ್ದರು, ಆ ಟರ್ಮಿನಲ್ಲೂ ಅದರ ಜೊತೆಗೇ ಬಂದದ್ದು. ಯಂತ್ರದೊಳಗೆ ಪ್ರತಿ ಸದಸ್ಯನಿಗೂ ಒಂದು ಪೆಟ್ಟಿಗೆ, ಪೆಟ್ಟಿಗೆಗೊಂದು ನಂಬರು. ಗಂಡ ದಾದರಿನ ಬೂತಿನಿಂದ ಫೋನು ಹಚ್ಚಿ, ನಂಬರು ಒತ್ತಿ, ಹೇಳುವುದನ್ನು ಹೇಳಿ ಇಡುತ್ತಾನೆ. ಹೆಂಡತಿಯೋ ತಾಯಿಯೋ ಸಂತೆಗೆ ಬಂದಾಗ ಸಂಘದ ಕಚೇರಿಯ ಫೋನು ಎತ್ತಿ, ಅದೇ ನಂಬರು ಒತ್ತಿ ಕೇಳುತ್ತಾಳೆ. ಓದು ಬರಹ ಬೇಕಿಲ್ಲ, ಕಾಗದ ಓದಿಸಿಕೊಳ್ಳಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿಲ್ಲ. ಯಂತ್ರ ಕೂಡಿಸಿದ ದಿನ ದಲ್ಲಾಳಿಯ ಕಡೆಯವನು ತನ್ನ ಕಂಪ್ಯೂಟರು ತಂದು ಹೊಂದಿಸಿಕೊಟ್ಟು, ಅದನ್ನೂ ಅದರ ತಂತಿಯನ್ನೂ ತೆಗೆದುಕೊಂಡು ಹೊರಟುಹೋಗಿದ್ದ. ಯಂತ್ರ ಯಾವಾಗ ಏನು ಕೇಳಬೇಕು ಎಂದು ಅವನಿಗೆ ಹೇಳಿಕೊಟ್ಟವಳು ಪ್ರಮಿಲಾ. ಯಂತ್ರದೊಳಗಿನ ಕನ್ನಡದ ದನಿಯೂ ಅವಳದೇ. ಆ ದನಿ ಕೇಳಿ ಊರವರು ಹೊಗಳಿದ್ದನ್ನು ಅವಳು ಮರೆತಿರಲಿಲ್ಲ.

ಮೂರೇ ತಿಂಗಳಲ್ಲಿ ಯಂತ್ರದ ಹೆಸರು ಕೆಟ್ಟಿತು. ಹೆಂಗಸರು ಬರುತ್ತಿದ್ದರು, ನಂಬರು ಒತ್ತುತ್ತಿದ್ದರು, ತುಸು ಹೊತ್ತು ನಿಂತು ಫೋನು ಇಟ್ಟು ಹೋಗುತ್ತಿದ್ದರು. ಯಾಕೆ ಎಂದು ಗುಮಾಸ್ತ ಶಾಂತಲಿಂಗಪ್ಪ ಕೇಳಿದರೆ, ಮಷಿನ್ ಏನೂ ಹೇಳುವುದಿಲ್ಲ ಎಂಬ ಒಂದೇ ಉತ್ತರ. ಸೋಮವಾರದಿಂದಂತೂ ಮುಂಬೈಯಿಂದ ಬಂದ ಫೋನಿಗೆಲ್ಲ ಯಂತ್ರ ಒಳಗೆ ಜಾಗವಿಲ್ಲ ಎಂದು ಹೇಳತೊಡಗಿತ್ತು. ದೌಲತರಾಯರು ಪುಣೆಗೆ ಫೋನು ಮಾಡಿ ಕೇಳಿದರು. ಹಿಂಬದಿಯ ಕೆಂಪು ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ, ಎಲ್ಲ ಅಳಿಸಿಹೋಗಿ ಹೊಸದಾಗುತ್ತದೆ ಎಂದು ದಲ್ಲಾಳಿ ಅಂದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಗುರುವಾರವೇ ಒತ್ತಿಬಿಡುವುದು ಎಂದು ನಿಶ್ಚಯವಾಯಿತು. ಒಳಗೆ ಕೂತಿರುವ ಮಾತಿನ ಗತಿಯೇನು ಎಂದು ಯಾರೂ ಕೇಳಲಿಲ್ಲ. ಕೇಳಿದವಳು ಪ್ರಮಿಲಾ ಒಬ್ಬಳೇ.

ಅವಳು ಕಚೇರಿಗೆ ಬಂದಾಗ ಹೊಸ್ತಿಲ ಬದಿಗೆ ಒಂದು ಗಂಟು, ಒಂದು ನಾಲ್ಕು ವರ್ಷದ ಹುಡುಗಿ, ಆ ಹುಡುಗಿಯ ತಾಯಿ ಕೂತಿದ್ದರು. ತಾಯಿಯ ಹೆಸರು ಅಂಬುಬಾಯಿ, ಕಿಣ್ಣಿ ಸುಲ್ತಾನದವಳು, ಕೈಯಲ್ಲಿ ನೂರಾ ಹದಿನೇಳು ಎಂದು ಬರೆದ ಸಂಘದ ಚೀಟಿ. ಅವಳ ಗಂಡ ದುಡಿಯುತ್ತಿದ್ದ ದಾದರಿನ ಕಟ್ಟಡ ಮುಗಿದು, ಗ್ಯಾಂಗು ಮೂರು ಪಾಲಾಗಿ ಮೂರು ದಿಕ್ಕಿಗೆ ಹೋಗಿತ್ತು. ಗಂಡನ ಜೊತೆಗಾರ ಹುಲೆಪ್ಪ ಸೋಮವಾರ ಊರಿಗೆ ಬಂದವನು ಅವಳಿಗೆ ಒಂದು ಮಾತು ತಂದಿದ್ದ: ಗುರುವಾರ ಮಗಳನ್ನು ಕರೆದುಕೊಂಡು ಹೊರಡಬೇಕು, ಶುಕ್ರವಾರ ಮುಂಜಾನೆ ಗಂಡ ಸ್ಟೇಷನ್ನಿನಲ್ಲಿ ಕಾಯುತ್ತಾನೆ. ಯಾವ ಸ್ಟೇಷನ್ನು? ಅದು ಹುಲೆಪ್ಪನಿಗೆ ಗೊತ್ತಿರಲಿಲ್ಲ. ತನ್ನ ಪಾಲಿನವರನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ಗಂಡನಿಗೆ ಭಾನುವಾರ ಸಂಜೆ, ಹುಲೆಪ್ಪ ಹೊರಟ ಮೇಲಷ್ಟೇ, ತಿಳಿಯುವುದಿತ್ತು, ತಿಳಿದ ಕೂಡಲೇ ಯಂತ್ರದಲ್ಲಿ ಹೇಳಿ ಇಡುತ್ತೇನೆ ಅಂದಿದ್ದನಂತೆ. ಅಂಬುಬಾಯಿ ಸೊಲ್ಲಾಪುರದ ಆಚೆಗೆ ಕಾಲಿಟ್ಟವಳಲ್ಲ. ಮೂರೂವರೆಯ ಸೊಲ್ಲಾಪುರ ಬಸ್ಸು ಹಿಡಿದರೆ ರಾತ್ರಿಯ ರೈಲು ಸಿಗುತ್ತದೆ. ರೈಲಿನಿಂದ ಎಲ್ಲಿ ಇಳಿಯಬೇಕು ಎಂಬುದು ಮಾತ್ರ ಆ ಯಂತ್ರದೊಳಗಿತ್ತು, ಮತ್ತು ದೌಲತರಾಯರು ಅದನ್ನು ಅಳಿಸಲು ಅಂಗಿಯ ತೋಳು ಏರಿಸಿ ಕೂತಿದ್ದರು.

ಊಟ ಮುಗಿಸಿ ಬಂದು ಗುಂಡಿ ಒತ್ತುತ್ತೇನೆ ಎಂದು ಅವರು ಅಂದರು. ಶಾಂತಲಿಂಗಪ್ಪ ಗೋಡೆಯ ಕ್ಯಾಲೆಂಡರು ನೋಡಿ, ಇವತ್ತು ಒಂದೂವರೆಯಿಂದ ಮೂರರವರೆಗೆ ರಾಹುಕಾಲ ಎಂದು ಎಚ್ಚರಿಸಿದ. ಹೊಸದಾಗಬೇಕಾದ ಯಂತ್ರಕ್ಕೆ ರಾಹುಕಾಲದಲ್ಲಿ ಕೈಹಚ್ಚುವುದೆಂದರೇನು? ಮೂರಕ್ಕೆ ಸರಿಯಾಗಿ ಒತ್ತುವುದೆಂದು ಠರಾವಾಯಿತು. ಪ್ರಮಿಲಾ ರಾಹುಕೇತುಗಳನ್ನು ನಂಬುವವಳಲ್ಲ, ಆದರೆ ಆವತ್ತು ರಾಹುವಿಗೆ ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಹೊಸ್ತಿಲಿಗೆ ಬಂದು ಅಂಬುಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮೂರರೊಳಗ ನಿಮ್ಮ ಮನಿಯವರ ಮಾತು ಕೇಳಸ್ತೇನಿ, ಯವ್ವಾ. ನಾ ಹೇಳಿದ್ದು ತಪ್ಪಂಗಿಲ್ಲ."

ಅಂಬುಬಾಯಿ ತಲೆಯಾಡಿಸಿದಳು. ಆರು ಸಲ ಬಂದು ಬರಿಗೈಯಲ್ಲಿ ಹೋದವಳು ಅವಳು. ಮಾತು ಕೊಡುವವರನ್ನು ಬೇಕಾದಷ್ಟು ಕಂಡಿದ್ದಳು.

ಯಂತ್ರದ ಬೆನ್ನಿನಲ್ಲಿ ಇಪ್ಪತ್ತೈದು ತೂತಿನ ಒಂದು ಬಾಯಿ, ಟರ್ಮಿನಲ್ಲಿನ ಬೆನ್ನಿನಲ್ಲಿ ಇಪ್ಪತ್ತೈದು ಸೂಜಿಯ ಇನ್ನೊಂದು. ನಡುವಿನ ತಂತಿ ಇರಲಿಲ್ಲ. ಪ್ರಮಿಲಾ ಸಲಾವುದ್ದೀನನ ರೇಡಿಯೊ ಅಂಗಡಿಗೆ ಹೋಗಿ, ಅವನ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರುವಿಸಿ, ಎರಡೂ ಕಡೆಗೆ ಕೂಡುವ ಎರಡು ಕನೆಕ್ಟರನ್ನೂ ಒಂದು ಮಾರು ತಂತಿಯನ್ನೂ ಆರಿಸಿ ತಂದಳು. ಇಪ್ಪತ್ತೈದರಲ್ಲಿ ಮುಖ್ಯವಾದವು ಮೂರೇ: ಎರಡನೆಯದು ಮಾತಾಡುವುದು, ಮೂರನೆಯದು ಕೇಳುವುದು, ಏಳನೆಯದು ಇಬ್ಬರಿಗೂ ಸಮನಾದ ನೆಲ. ಕಾಲೇಜಿನಲ್ಲಿ ಕಲಿತಂತೆ ಎರಡಕ್ಕೆ ಎರಡು, ಮೂರಕ್ಕೆ ಮೂರು, ಏಳಕ್ಕೆ ಏಳು ಎಂದು ಚೊಕ್ಕಟವಾಗಿ ಬೆಸುಗೆ ಹಾಕಿ ಜೋಡಿಸಿ, ಸ್ವಿಚ್ಚು ಒತ್ತಿದಳು. ಪರದೆಯ ಮೂಲೆಯಲ್ಲಿ ಒಂದು ಹಸಿರು ಚೌಕ ಮಿಣಮಿಣ ಎಂದಿತು, ಮತ್ತೇನೂ ಬರಲಿಲ್ಲ.

ದೌಲತರಾಯರು ಗಡಿಯಾರ ನೋಡಿದರು. ಪ್ರಮಿಲಾ ಅವರನ್ನು ನೋಡಲಿಲ್ಲ. ಕಾಲೇಜಿನ ಪಾಠ ಮೋಡೆಮ್ಮಿಗೆ ಸರಿ. ಇಲ್ಲಿ ಎರಡೂ ಯಂತ್ರಗಳು ಎರಡನೆಯ ಸೂಜಿಯಿಂದಲೇ ಮಾತಾಡುವ ಜಾತಿಯವು. ಒಬ್ಬರ ಬಾಯಿಯನ್ನು ಇನ್ನೊಬ್ಬರ ಬಾಯಿಗೆ, ಕಿವಿಯನ್ನು ಕಿವಿಗೆ ಕಟ್ಟಿದರೆ ಯಾರಿಗೆ ಏನು ಕೇಳಿಸೀತು? ಬೆಸುಗೆ ಬಿಚ್ಚಿ ಎರಡನ್ನು ಮೂರಕ್ಕೆ, ಮೂರನ್ನು ಎರಡಕ್ಕೆ ಅಡ್ಡ ಹಾಯಿಸಿದಳು. ಎದುರಿಗೆ ಯಾರೋ ಇದ್ದಾರೆ ಎಂಬ ಸುಳುಹು ಸಿಗದಿದ್ದರೆ ಇಂಥ ಹಳೆಯ ಯಂತ್ರಗಳು ತುಟಿ ಬಿಚ್ಚುವುದಿಲ್ಲ ಎಂಬುದೂ ನೆನಪಾಗಿ, ಆ ಸುಳುಹಿನ ಸೂಜಿಗಳನ್ನು ತುಂಡು ತಂತಿಯಿಂದ ಅಲ್ಲಲ್ಲೇ ಸೇರಿಸಿದಳು. ಈ ಸಲ ಸ್ವಿಚ್ಚು ಹಾಕಿದ್ದೇ ತಡ, ಪರದೆಯ ತುಂಬ ಅಕ್ಷರವಲ್ಲದ ಅಕ್ಷರಗಳು ಸುರಿದವು: ಕೊಕ್ಕೆ, ಚುಕ್ಕೆ, ತಲೆಕೆಳಗಾದ ಪ್ರಶ್ನೆಚಿಹ್ನೆಗಳು.

"ಪ್ರಮಿಲಾಬಾಯಿ, ಇದು ನಮ್ಮ ಮುತ್ಯಾನ ಕಾಲದ ಮೋಡಿ ಲಿಪಿ ಕಾಗದ ಆಗೇದ ನೋಡ್ರಿ," ಎಂದು ದೌಲತರಾಯರು ನಕ್ಕು, ಊಟಕ್ಕೆ ಎದ್ದು ಹೋದರು.

ಅವರಿಗೆ ನಗು, ಅವಳಿಗೆ ಅರ್ಧ ಗೆಲುವು. ಕಸ ಬಂದಿತೆಂದರೆ ತಂತಿ ಸರಿಯಿದೆ, ಯಂತ್ರ ಬದುಕಿದೆ, ಮಾತಾಡುತ್ತಿದೆ. ಅದು ಮಾತಾಡುವ ವೇಗ ಬೇರೆ, ಇದು ಕೇಳುವ ವೇಗ ಬೇರೆ, ಅಷ್ಟೇ ತಕರಾರು. ಟರ್ಮಿನಲ್ಲಿನ ಸೆಟಪ್ ಕೀ ಒತ್ತಿ ವೇಗದ ಸಾಲಿಗೆ ಹೋದಳು. ಒಂಬತ್ತು ಸಾವಿರದ ಆರುನೂರು ಇತ್ತು. ಅರ್ಧಕ್ಕೆ ಇಳಿಸಿದಳು, ಕಸ. ಮತ್ತೆ ಅರ್ಧ, ಬೇರೆ ಕಸ. ಸಾವಿರದ ಇನ್ನೂರಕ್ಕೆ ಬಂದಾಗ ಕಸದ ನಡುವೆ ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಅಕ್ಷರ ತಲೆ ಎತ್ತಿತು, ಅರ್ಧ ಸರಿ, ಅರ್ಧ ಕೋತಿ. ವೇಗ ಇದೇ ಎಂದು ಅವಳಿಗೆ ಖಾತ್ರಿಯಾಯಿತು. ಉಳಿದದ್ದು ಅಕ್ಷರದ ಅಳತೆ. ಅಕ್ಷರಕ್ಕೆ ಎಂಟು ಬಿಟ್ ಇದ್ದದ್ದನ್ನು ಏಳು ಬಿಟ್ ಮಾಡಿ, ತಪ್ಪು ಹಿಡಿಯುವ ಪ್ಯಾರಿಟಿಯನ್ನು ಸರಿಸಂಖ್ಯೆಗೆ ಹಾಕಿ, ಸೆಟಪ್ಪಿನಿಂದ ಹೊರಗೆ ಬಂದು ಎಂಟರ್ ಒತ್ತಿದಳು.

ಯಾರು ನೀವು, ಗುಪ್ತಪದವೇನು ಎಂದು ಪರದೆ ಶುದ್ಧವಾದ ಇಂಗ್ಲಿಷಿನಲ್ಲಿ ಕೇಳಿತು. ಪ್ರಮಿಲಾಳ ಕಣ್ಣು ಹೊಳೆದವು. ಅವಳು ತಿರುಗಿ ನೋಡಿದರೆ ಮೆಚ್ಚಲು ಅಲ್ಲಿ ಯಾವ ಗಂಡಸೂ ಇರಲಿಲ್ಲ, ಕ್ಯಾಲೆಂಡರಿನ ಕೆಳಗೆ ತೂಕಡಿಸುತ್ತಿದ್ದ ಶಾಂತಲಿಂಗಪ್ಪನ ಹೊರತು. ಒಂದೂ ನಲವತ್ತಾಗಿತ್ತು.

ದಲ್ಲಾಳಿಯ ಕಡೆಯವನು ಬರೆಸಿಹೋದ ಗುಪ್ತಪದ ಕೊಟ್ಟು ಒಳಗೆ ಹೋದಳು. ಯಂತ್ರಕ್ಕೆ ರೋಗವೇ ಇರಲಿಲ್ಲ. ಅದು ಮೂರು ತಿಂಗಳಿಂದ ಗಳಿಗೆ ಗಳಿಗೆಯ ದಿನಚರಿ ಬರೆದಿಟ್ಟಿತ್ತು, ಮತ್ತು ಆ ದಿನಚರಿಯಲ್ಲಿ ಒಂದೇ ವಾಕ್ಯ ಸಾಲುಸಾಲಾಗಿ ನಿಂತಿತ್ತು: ಪೆಟ್ಟಿಗೆ ಇಂಥದ್ದು, ಹೆಸರು ದಾಖಲಾಗಿಲ್ಲ. ನೂರಾ ಹದಿನೇಳಕ್ಕೆ ಆರು ಸಲ. ಎಂಬತ್ನಾಲ್ಕು ಪೆಟ್ಟಿಗೆಗಳಲ್ಲಿ ತೆರೆದದ್ದು ಒಂಬತ್ತು, ಮುಚ್ಚಿದ್ದು ಎಪ್ಪತ್ತೈದು. ಪೆಟ್ಟಿಗೆಯನ್ನು ಮೊದಲ ಸಲ ತೆರೆಯುವಾಗ, ಅದು ಯಾರ ಹೆಸರಿನಲ್ಲಿದೆಯೋ ಆ ಹೆಸರನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳಬೇಕು, ಹೇಳುವವರೆಗೆ ಪೆಟ್ಟಿಗೆ ತೆರೆಯದು, ಮುಂಬೈಯಿಂದ ಬಂದ ಮಾತೆಲ್ಲ ಒಂದು ಸಾಮಾನ್ಯ ಪೆಟ್ಟಿಗೆಗೆ ಹೋಗಿ ಬೀಳಬೇಕು. ಹಾಗೆ ಹೊಂದಿಸಲಾಗಿತ್ತು. ಸಾಮಾನ್ಯ ಪೆಟ್ಟಿಗೆಯಲ್ಲಿ ಇನ್ನೂರಾ ಹನ್ನೆರಡು ಮಾತು ತುಂಬಿ, ಹನ್ನೊಂದು ವಾರದಿಂದ ಯಾರೂ ಕೇಳದೆ ಕೂತಿದ್ದವು.

ಒಂದು ಹೆಸರು ಹೇಳಲು ಇವರಿಗೇನು ಧಾಡಿ ಎಂದು ಅವಳಿಗೆ ಸಿಟ್ಟೇ ಬಂತು. ಶಾಂತಲಿಂಗಪ್ಪನನ್ನು ಎಬ್ಬಿಸಿ ರಿಜಿಸ್ಟರು ತೆಗೆಸಿದಳು. ತೆರೆದ ಒಂಬತ್ತು ಪೆಟ್ಟಿಗೆಗಳನ್ನು ಕೇಳಲು ಬರುವವರು ಯಾರು? ಅವನು ಬೆರಳಿಟ್ಟು ಓದಿದ: ಇದು ತಾಯಿ, ಇದು ತಾಯಿ, ಇದು ತಮ್ಮ, ಇದೂ ತಾಯಿಯೇ, ಇದು ಅಪ್ಪ. ಒಂಬತ್ತರಲ್ಲಿ ಒಬ್ಬ ಹೆಂಡತಿಯೂ ಇರಲಿಲ್ಲ. ಪ್ರಮಿಲಾಳಿಗೆ ಇನ್ನೂ ಹೊಳೆಯಲಿಲ್ಲ. ಬುದ್ಧಿವಂತರಿಗೆ ಕೆಲವು ಸಲ ಹೀಗಾಗುತ್ತದೆ. ಅವಳು ಅಂಬುಬಾಯಿಯನ್ನು ಒಳಗೆ ಕರೆದು, ನಿಮ್ಮ ಯಜಮಾನರ ಹೆಸರೇನು ಎಂದು ಕೇಳಿದಳು.

ಅಂಬುಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನೆಲ ನೋಡಿದಳು. ಆಮೇಲೆ ಮಗಳ ಬೆನ್ನು ತಟ್ಟಿ ಮುಂದೆ ನೂಕಿದಳು.

"ಹೇಳು ಮಗಾ. ನಿಮ್ಮಪ್ಪನ ಹೆಸರು ಅಕ್ಕೋರಿಗಿ ಹೇಳು."

"ಪೀರಪ್ಪ," ಅಂದಿತು ಹುಡುಗಿ.

ಆಗ ಪ್ರಮಿಲಾಳಿಗೆ ಹೊಳೆಯಿತು. ಎಪ್ಪತ್ತೈದು ಹೆಂಗಸರು ಒಬ್ಬೊಬ್ಬರಾಗಿ ಆ ಫೋನು ಎತ್ತಿದ್ದರು. ಫೋನಿನೊಳಗೆ ಒಬ್ಬ ಅಪರಿಚಿತ ಹೆಂಗಸು ಜಾಣದನಿಯಲ್ಲಿ ಗಂಡನ ಹೆಸರು ಹೇಳು ಅಂದಿದ್ದಳು. ಪಕ್ಕದಲ್ಲಿ ಗುಮಾಸ್ತ, ಹಿಂದೆ ಊರಿನ ಹಿರಿಯರು. ಅವರು ನಾಚಿ, ಬಾಯಿ ಮುಚ್ಚಿ ನಿಂತಿದ್ದರು, ಆ ಹೆಂಗಸು ಹೆಸರು ಕೇಳಿಸಲಿಲ್ಲ ಎಂದು ಫೋನು ಕಡಿದಿದ್ದಳು. ಅದನ್ನು ಗಂಡಸೊಬ್ಬನ ಮುಂದೆ ಬಿಡಿಸಿ ಹೇಳುವುದಾದರೂ ಹೇಗೆ? ಮಷಿನ್ ಏನೂ ಹೇಳುವುದಿಲ್ಲ ಅಂದು ಮನೆಗೆ ಹೋಗಿದ್ದರು. ಆ ಅಪರಿಚಿತ ಹೆಂಗಸು ತಾನೇ ಎಂಬುದು ಪ್ರಮಿಲಾಳ ಎದೆಗೆ ನಾಟಿತು. ಹೋಗಲಿ, ತಾನಾದರೂ ಹೇಳುತ್ತಿದ್ದಳೇ? ಮದುವೆಯಾಗಿ ಎಂಟು ವರ್ಷ. ಗಂಡನ ಆಫೀಸಿಗೆ ಫೋನು ಮಾಡಿದರೆ ನಮ್ಮವರು ಇದ್ದಾರೇನ್ರಿ ಅನ್ನುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೆ ಕಾರ್ಡು ಮುಂದೆ ಚಾಚುತ್ತಿದ್ದಳು. ವಾಮನ ಎಂಬ ಮೂರಕ್ಷರ ಅತ್ತೆ ಮಥುರಾಬಾಯಿಯ ಎದುರಿಗಿರಲಿ, ಕನ್ನಡಿಯ ಎದುರಿಗೂ ಅವಳ ಬಾಯಿಂದ ಬಂದದ್ದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಅವಳಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು.

ಸರಿಪಡಿಸಲು ಒಂದಕ್ಷರ ಸಾಕಿತ್ತು. ಹೆಸರು ಕಡ್ಡಾಯವೇ ಎಂಬ ಸಾಲಿನಲ್ಲಿ ಹೌದು ಎಂಬ ಅಕ್ಷರ ತೆಗೆದು ಇಲ್ಲ ಎಂಬ ಅಕ್ಷರ ಹಾಕಿ ಎಂಟರ್ ಒತ್ತಿದಳು. ಎಪ್ಪತ್ತೈದು ಪೆಟ್ಟಿಗೆಗಳು ಒಮ್ಮೆಗೇ ತೆರೆದವು. ಯಾರಿಗೂ ಗೊತ್ತಾಗುವಂತಿರಲಿಲ್ಲ. ದಲ್ಲಾಳಿಯ ಕಡೆಯವನು ಏನೋ ಎಡವಟ್ಟು ಮಾಡಿದ್ದ, ಸರಿಮಾಡಿದೆ ಅಂದರೆ ದೌಲತರಾಯರು ನಂಬುತ್ತಿದ್ದರು, ಅವಳ ಹೆಸರು ಇನ್ನೊಂದು ಮೆಟ್ಟಿಲು ಏರುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದದ್ದೂ ನಿಜ. ಎರಡೂಕಾಲು ಗಂಟೆಗೆ ದೌಲತರಾಯರು ಎಲೆ ಅಡಿಕೆ ಹಾಕಿಕೊಂಡು ಬಂದು, ಏನಾಗಿತ್ತು ಎಂದು ಕೇಳಿದಾಗ ಅವಳು ಎದ್ದು ನಿಂತಳು.

"ಮಷಿನ್ ತಪ್ಪಲ್ರಿ, ನನ್ನ ತಪ್ಪು. ಹೆಣ್ಮಕ್ಕಳಿಗಿ ಗಂಡನ ಹೆಸರು ಹೇಳ್ರಿ ಅಂತ ಕೇಳಿದಾಕಿ ನಾನೇ. ಅವ್ರು ಹ್ಯಾಂಗ ಹೇಳ್ತಾರ? ನಾನೂ ಹೇಳಂಗಿಲ್ಲ."

ದೌಲತರಾಯರು ಅವಳ ಮುಖವನ್ನೇ ನೋಡಿದರು. ಹತ್ತು ವರ್ಷದಲ್ಲಿ ಈ ಬಾಯಿಯಿಂದ ತಪ್ಪು ಎಂಬ ಮಾತನ್ನು ಅವರು ಕೇಳಿರಲಿಲ್ಲ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೂವತ್ತು ವರ್ಷದಿಂದ ತಮ್ಮ ಮನೆಯಲ್ಲೂ ತಾವು ಬರೀ 'ಕೇಳಿತೇನ್ರಿ' ಆಗಿದ್ದೇವೆ ಎಂದು ಹೇಳಿ ಮತ್ತೆ ನಕ್ಕರು. ನಗು ಮುಗಿದ ಮೇಲೆ ಮಾತ್ರ ಮತ್ತೆ ಕಾರ್ಯದರ್ಶಿಯಾದರು. ಸಾಮಾನ್ಯ ಪೆಟ್ಟಿಗೆ ತುಂಬಿದ್ದು ತುಂಬಿಯೇ ಇದೆಯಲ್ಲ, ಅದರಲ್ಲಿರುವುದು ಯಾರ ಮಾತು ಎಂದು ಯಾರಿಗೆ ಗೊತ್ತು, ಮೂರಕ್ಕೆ ಗುಂಡಿ ಒತ್ತುವುದು ಒತ್ತುವುದೇ ಅಂದರು. ಇಲ್ಲವಾದರೆ ಅದರೊಳಗಿಂದ ಒಂದೇ ಒಂದು ಮಾತನ್ನು ತೆಗೆದು, ಅದು ಯಾರದೋ ಅವರಿಗೆ ಮೂರರೊಳಗೆ ಕೇಳಿಸಿ ತೋರಿಸಬೇಕು. ತೋರಿಸಿದರೆ ಗುಂಡಿಯ ತಂಟೆಗೆ ಹೋಗುವುದಿಲ್ಲ. ಪ್ರಮಿಲಾ ಕುರ್ಚಿ ಎಳೆದು ಕೂತಳು.

ಪೆಟ್ಟಿಗೆಗಳು ತೆರೆದರೂ ಈಗಾಗಲೇ ಬಿದ್ದ ಮಾತುಗಳು ತಾವಾಗಿ ತಮ್ಮ ಮನೆಗೆ ಹೋಗುವುದಿಲ್ಲ. ಕಿವಿಯಿಂದ ಕೇಳಿ, ಕೈಯಿಂದ ಸರಿಸಬೇಕು. ಸಾಮಾನ್ಯ ಪೆಟ್ಟಿಗೆಗೂ ಪ್ರಮಿಲಾಳ ದನಿಯ ಒಂದು ಪ್ರಶ್ನೆ ಇತ್ತು: ಯಾರಿಗೆ ಹೇಳಬೇಕೋ ಅವರ ಹೆಸರು ಹೇಳಿ. ಹಾಗಾದರೆ ಮಾತಿನ ಮೊದಲಿಗೆ ಹೆಸರು ಇರಲೇಬೇಕು. ಫೋನು ಕಿವಿಗಿಟ್ಟು ಮೊದಲ ಐದನ್ನು ಕೇಳಿದಳು. ಭಲೇ ಗಂಡಸರೇ! ಐವರಲ್ಲಿ ಐವರೂ, ನಮ್ಮ ಮನ್ಯಾಕಿಗಿ ಹೇಳ್ರಿ ಎಂದು ಶುರು ಮಾಡಿದ್ದರು. ಹೆಂಡತಿಯ ಹೆಸರು ಹೇಳಲು ಅವರಿಗೂ ಬಾಯಿ ಬಂದಿರಲಿಲ್ಲ. ಆಳಂದ ತಾಲೂಕಿನಲ್ಲಿ ಮನ್ಯಾಕಿಯರು ಎಷ್ಟು ಸಾವಿರ!

ಇನ್ನೂರಾ ಹನ್ನೆರಡನ್ನೂ ಕೇಳುತ್ತ ಕೂತರೆ ಸಂಜೆಯಾಗುತ್ತದೆ. ಆದರೆ ಟರ್ಮಿನಲ್ ಇದ್ದದ್ದು ಯಾಕೆ? ಅವಳು ಪಟ್ಟಿ ತೆಗೆಸಿದಳು. ಪ್ರತಿ ಮಾತಿನ ಮುಂದೆ ತಾರೀಖು, ಹೊತ್ತು, ಎಷ್ಟು ಸೆಕೆಂಡು ಎಂಬ ಲೆಕ್ಕ. ಯಾವ ನಂಬರಿಗೆ ಬಂದದ್ದು ಎಂಬುದನ್ನು ಮಾತ್ರ ಯಂತ್ರ ಬರೆದಿಟ್ಟಿರಲಿಲ್ಲ. ಗಂಡನಿಗೆ ಭಾನುವಾರ ಸಂಜೆ ತಿಳಿಯುವುದಿತ್ತು, ಸೋಮವಾರ ಪೆಟ್ಟಿಗೆ ತುಂಬಿತ್ತು. ಭಾನುವಾರ ಸಂಜೆಯಿಂದ ಇದ್ದವು ಮೂವತ್ತೊಂದು ಮಾತು. ಎರಡೂವರೆಯಾಗಿತ್ತು. ಮೂವತ್ತೊಂದೂ ಆಗದು. ಅವಳು ಅಂಬುಬಾಯಿಯ ಕಡೆಗೆ ತಿರುಗಿ, ನಿಮ್ಮವರು ಮಾತು ಬೆಳೆಸುವವರೋ ಹೇಗೆ ಎಂದು ಕೇಳಿದಳು. ಅಂಬುಬಾಯಿ ಈ ಸಲ ಮಗಳನ್ನು ಮುಂದೆ ಮಾಡಲಿಲ್ಲ. ಅವರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು ಎಂದು ನೇರವಾಗಿಯೇ ಹೇಳಿದಳು. ಮೂವತ್ತೊಂದರಲ್ಲಿ ಇಪ್ಪತ್ತು ಸೆಕೆಂಡಿಗಿಂತ ಕಡಿಮೆಯವು ಐದಿದ್ದವು.

ಫೋನನ್ನು ಅಂಬುಬಾಯಿಯ ಕೈಗೆ ಕೊಟ್ಟು ಪ್ರಮಿಲಾ ಕೀಬೋರ್ಡಿನ ಮೇಲೆ ಬೆರಳಿಟ್ಟಳು. ಮೊದಲನೆಯದು. ದನಿ ಕೇಳಿದ್ದೇ ಅಂಬುಬಾಯಿ ಫೋನನ್ನು ಕಿವಿಯಿಂದ ದೂರ ಹಿಡಿದಳು, ಬೇರೆಯವರ ಮನೆಯ ಮಾತು ತಾನು ಕೇಳಬಾರದು ಎಂದು. ಎರಡನೆಯದು, ಅದೂ ಅಲ್ಲ. ಮೂರನೆಯದು ಬರೀ ಕೆಮ್ಮು. ದೌಲತರಾಯರು ಎದ್ದು ಯಂತ್ರದ ಹಿಂದೆ ಹೋಗಿ ನಿಂತರು. ಗಡಿಯಾರದಲ್ಲಿ ಎರಡೂ ಐವತ್ತು. ಪ್ರಮಿಲಾ ನಾಲ್ಕನೆಯದರ ನಂಬರು ಒತ್ತಿದಳು.

ಅಂಬುಬಾಯಿ ಫೋನು ದೂರ ಹಿಡಿಯಲಿಲ್ಲ. ಎರಡೂ ಕೈಯಿಂದ ಅದನ್ನು ಕಿವಿಗೆ ಒತ್ತಿಕೊಂಡು, ಗೋಡೆಯ ಕಡೆಗೆ ತಿರುಗಿ ನಿಂತಳು. ಮಾತು ಮುಗಿದ ಮೇಲೂ ಹಾಗೇ ನಿಂತಿದ್ದಳು. ಅವಳು ತಿರುಗಿದಾಗ ಕಣ್ಣು ತುಂಬಿದ್ದವು, ಆದರೆ ದನಿ ಗಟ್ಟಿಯಾಗಿತ್ತು.

"ಮುಂಬೈಕ ಬರಬ್ಯಾಡ ಅಂದಾರ್ರಿ. ಪುಣೇದಾಗ ಇಳೀಬೇಕಂತ. ಸ್ಟೇಷನ್ ಮುಂದ ನಿಂತಿರ್ತಾರಂತ."

ಕೆಂಪು ಗುಂಡಿ ಹಾಗೇ ಉಳಿಯಿತು. ದೌಲತರಾಯರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಯಾರೂ ಕೈ ಹಚ್ಚದಂತೆ ಅದರ ಮೇಲೆ ಅಂಟುಪಟ್ಟಿ ಹಾಕಲು ಶಾಂತಲಿಂಗಪ್ಪನಿಗೆ ಹೇಳಿ, ಹಳ್ಳಿಗಳಿಗೆ ಸುದ್ದಿ ಕಳಿಸುವ ಏರ್ಪಾಟಿಗೆ ಹೊರಗೆ ಹೋದರು. ಪ್ರಮಿಲಾ ಆ ಮಾತನ್ನು ಸಾಮಾನ್ಯ ಪೆಟ್ಟಿಗೆಯಿಂದ ನೂರಾ ಹದಿನೇಳಕ್ಕೆ ಸರಿಸಿದಳು. ಅವಳ ಜಂಬ ಆಗಲೇ ಮೆಲ್ಲಗೆ ಮನೆಗೆ ಮರಳುತ್ತಿತ್ತು. ಬಸ್ಸಿಗೆ ಹೊತ್ತಾಗುತ್ತದೆ, ಪುಣೆ ಎಂಬ ಹೆಸರನ್ನು ಚೀಟಿಯಲ್ಲಿ ಬರೆದುಕೊಡಲೇ ಎಂದು ಕೇಳಿದಳು. ಅಂಬುಬಾಯಿ ಗಂಟು ಎತ್ತಿಕೊಂಡಳು, ಬಾಗಿಲವರೆಗೆ ಹೋದಳು, ಅಲ್ಲಿಂದ ತಿರುಗಿ ಬಂದಳು.

"ಊರ ಹೆಸರು ನೆನಪದ್ರಿ. ಮೊದಲಿಂದು ಅಷ್ಟು ಇನ್ನೊಮ್ಮಿ ಕೇಳಸ್ರಿ."

ಮೊದಲಿಗೆ ಏನಿದೆ ಎಂದು ಪ್ರಮಿಲಾಳಿಗೆ ಗೊತ್ತಿರಲಿಲ್ಲ. ಉಳಿದವರಂತೆ ಮನ್ಯಾಕಿಗಿ ಹೇಳ್ರಿ ಎಂದೇ ಇರಬೇಕು ಅಂದುಕೊಂಡಿದ್ದಳು. ನಂಬರು ಒತ್ತಿದಳು. ಅಂಬುಬಾಯಿ ಫೋನನ್ನು ತನ್ನ ಕಿವಿಗೂ ಅವಳ ಕಿವಿಗೂ ನಡುವೆ ಹಿಡಿದಳು. ದಾದರಿನ ರಸ್ತೆಯ ಗದ್ದಲ, ಬಸ್ಸಿನ ಹಾರನ್ನು, ಅದರ ನಡುವೆ ಪ್ರಮಿಲಾಳದೇ ಪ್ರಶ್ನೆಗೆ ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡ ಒಬ್ಬ ಗಂಡಸು. ಎಲ್ಲರಂತೆ ಅವನೂ ತಡವರಿಸಿದ. ಆದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಕಾಣದ ಊರಿನಲ್ಲಿ ದಾರಿ ತಪ್ಪಬಾರದಿತ್ತು, ಮಾತು ಬೇರೆ ಮನೆಗೆ ಹೋಗಬಾರದಿತ್ತು. ಅವನು ಬಾಯಿ ತುಂಬ ಹೇಳಿದ.

"ಅಂಬುಬಾಯಿ. ಕಿಣ್ಣಿ ಸುಲ್ತಾನದ ಅಂಬುಬಾಯಿಗಿ ಹೇಳ್ರಿ."

ಹುಡುಗಿ ತಾಯಿಯ ಸೀರೆ ಜಗ್ಗಿ, ಅಪ್ಪ ಯಾರನ್ನು ಕರೆಯುತ್ತಿದ್ದಾನೆ ಎಂದು ಕೇಳಿತು.

"ನನಗ, ಮಗಾ," ಅಂದಳು ಅಂಬುಬಾಯಿ. "ಲಗ್ನ ಆಗಿ ಒಂಬತ್ತು ವರ್ಷಕ್ಕ ಇದೇ ಮೊದಲ್ನೇ ಸಲ ನೋಡು."

ಬಸ್ಸು ಬಿಡಲು ಇನ್ನೂ ಹದಿನೈದು ನಿಮಿಷ ಇತ್ತು. ಪ್ರಮಿಲಾ ಯಾರೂ ಕೇಳುವ ಮೊದಲೇ ಆ ನಂಬರನ್ನು ಮತ್ತೊಮ್ಮೆ ಒತ್ತಿದಳು.